ಇನೆಕೆಯ ಇಂಟಿಪೇರು

ಕೇಶವಯ್ಯನವರ ಪೆನ್ನು ನಿಂತುಬಿಟ್ಟಿದೆ, ಲಗ್ನಪತ್ರಿಕೆಯಿಂದ ಬೆರಳಗಲ ಮೇಲೆ, ಮೊನೆಗೆ ಅರಿಶಿನ ಬೇರೆ ಮೆತ್ತಿಕೊಂಡಿದೆ, ಪುರೋಹಿತರು ಅಷ್ಟಕ್ಕೂ ಕೇಳಿದ್ದೇನು, ಹೆಣ್ಣಿನ ಇಂಟಿಪೇರು, ಮನೆತನದ ಹೆಸರು ಏನಮ್ಮಾ ಅಂತ, ಇನೆಕೆ ವಾನ್ ಡೆನ್ ಬೆರ್ಗ್ ಅಂದಳು, ಅಲ್ಲಿಗೇ ಬಿಡಬಾರದಿತ್ತೇ, ಅರ್ಥವನ್ನೂ ಹೇಳಿದಳು, ಬೆಟ್ಟದೋರು ಅಂತ — ನಾನೇ ಕಲಿಸಿದ ಕನ್ನಡ, ಎರಡು ವರ್ಷ ಹಿಂದೂಪುರದ ಈ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ದಿನಾ ಪರಿಗಿಗೆ ಹೋಗಿ ರೇಷ್ಮೆಹುಳದ ಕಾಯಿಲೆ ಓದಿಕೊಂಡು ಬಂದು, ಸಂಜೆ ನನ್ನ ಜೊತೆ ಮುದ್ದೆ ತಿರುವುತ್ತಾ ಕಲಿತದ್ದು. ಕಲ್ಯಾಣದುರ್ಗದಿಂದ ಬಂದ ಗಂಡಿನ ಅಜ್ಜಿ ಪಾಪಕ್ಕ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು, ಅಯ್ಯಯ್ಯೋ, ನಮ್ದು ಕೊಂಡದೋರ ಮನೆ ಕಣಮ್ಮ, ಕೊಂಡ ಅಂದ್ರೂ ಬೆಟ್ಟಾನೇ, ನಮ್ಮ ರವಿತೇಜಂಗೆ ಚೆಲ್ಲೆಲು, ತಂಗಿ ಆಯ್ತಾಳೆ, ಒಂದೇ ಇಂಟಿಪೇರಾಗೆ ಎಂಗೆ ತಂದ್ಕೊಳ್ಳೋದು — ರವಿತೇಜನ ಮುಖ ಸುಟ್ಟ ಬದನೆಕಾಯಿ, ನನಗೋ ನಗು, ಒಳಗೊಳಗೇ ಪುಕಪುಕ, ಮುದುಕಿ ಬೇಡ ಅಂದರೆ ಈ ಮದುವೆ ನಿಂತೇ ಹೋಯಿತು. ತೆಂಗಿನಕಾಯಿಗೆ ಒರಗಿಸಿಟ್ಟ ಫೋನಿನಲ್ಲಿ, ಹಾಲೆಂಡಿನಿಂದ, ಅವಳಪ್ಪ ವಂಶಾವಳಿಯ ಹಾಳೆ ಹಿಡಿದು ಏನೋ ಹೇಳುತ್ತಾರೆ, ಇವಳು ಕನ್ನಡದಲ್ಲಿ ಒಪ್ಪಿಸುತ್ತಾಳೆ, ಇನ್ನೂರು ವರ್ಷದ ಹಿಂದೆ ಸರ್ಕಾರ ಎಲ್ಲರೂ ಮನೆಹೆಸರು ಬರೆಸಿ ಅಂದಿತಂತೆ, ಇವಳ ಮುತ್ತಾತನ ಮುತ್ತಾತ ಬೆಟ್ಟ ಅಂತ ಬರೆಸಿದನಂತೆ, ಬೆಟ್ಟವೆಂದರೆ ನೆರೆ ಬಂದಾಗ ಹಸು ಹತ್ತಿಸಲು ಒಟ್ಟಿದ ಮಣ್ಣುದಿಬ್ಬ, ಎತ್ತರ ಒಂದಾಳು, ಸುತ್ತಮುತ್ತ ಅಂಗೈಯಂತೆ ಚಪ್ಪಟೆ. ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಮ್ಮೂರ ತಿಪ್ಪೇನೇ ಅದಕ್ಕಿಂತ ಎತ್ತರ ಐತಲ್ಲಪ್ಪೋ, ಪಾಪಕ್ಕ ಜಗ್ಗಲಿಲ್ಲ, ದಿಬ್ಬ ಆದ್ರೂ ಎಸ್ರು ಬೆಟ್ಟಾನೇ, ಆಮೇಲೆ ತಾನೇ ನನ್ನತ್ತ ತಿರುಗಿ, ಏನೇ ರಾಮಾಂಜಿನಮ್ಮ, ನಿಮ್ದು ಬಾವಿಕಟ್ಟೆಯೋರ ಮನೆ ಅಲ್ಲೇನೇ, ನೀನೂ ನಿನ್ ಗಂಡ ಮುತ್ಯಾಲಪ್ಪಾನೂ ಇವಳ್ನ ಮಗಳು ಮಾಡ್ಕೊಂಡು ಧಾರೆ ಎರೆದ್ಬುಡ್ರಿ, ಆಗ ಇಂಟಿಪೇರು ಬೇರೆ ಆಯ್ತದೆ —

ಮಗಳು, ನನಗೆ, ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಮಗು ಆಗಲಿಲ್ಲ, ಬೇರೆಯವರ ಮಕ್ಕಳಿಗೆ ಅಕ್ಷತೆ ಹಾಕಿ ಊಟ ಮಾಡಿ ಬಂದ ಕೈ ಇದು, ಇನ್ನು ಇದೇ ಕೈ ಧಾರೆಯ ಚೆಂಬು ಹಿಡಿಯಬೇಕು, ಚೊಚ್ಚಲ ಬಾಣಂತನಕ್ಕೆ ಅವಳು ಇಲ್ಲಿಗೇ ಬರಬೇಕು, ಅಯ್ಯೋ ಖುಷಿಗೆ ಎದೆ ಇಷ್ಟು ಜೋರಾಗಿ ಬಡಿದುಕೊಳ್ಳುತ್ತದೆಯೇ, ಇವರ ನಗು ನಿಂತಿದೆ, ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಇನೆಕೆ ಫೋನಿಗೆ ಬಾಗಿ ಅಪ್ಪನನ್ನು ಕೇಳಿದಳು, ಅವರು ಏನೋ ಅಂದರು, ಒಪ್ಪಲಿಲ್ಲವೋ ಏನೋ, ಏನಂತಮ್ಮಾ, ಏನಂತೆ, ಅವಳು ನಗುತ್ತಾಳೆ, ಅಳುತ್ತಾಳೆ, ಅಪ್ಪ ಆ ಹಾಳೆಯಾಗೆ ನಿಮ್ಮಿಬ್ರ ಎಸ್ರೂ ಬರ್ಕೊಂತಾರಂತೆ, ನಿಧಾನಕ್ಕೆ ಹೇಳ್ಬೇಕಂತೆ — ರಾ, ಮಾಂ, ಜಿ — ಇತ್ತ ಕೇಶವಯ್ಯನವರು, ಬರೀಲೇನಮ್ಮಾ, ಬಾವಿಕಟ್ಟೆ ಮುತ್ಯಾಲಪ್ಪ ರಾಮಾಂಜಿನಮ್ಮನವರ ಪುತ್ರಿ, ಬರೀರಿ ಸ್ವಾಮಿ, ಬರೀರಿ, ಪೆನ್ನು ಇಳಿಯುತ್ತಿದೆ, ಅರಿಶಿನ ಮೆತ್ತಿದ ಆ ಮೊನೆ, ನಮ್ಮಿಬ್ಬರ ಹೆಸರು ದಾಟಿ, ಪುತ್ರಿ, ಹಸಿ ಹಳದಿ ಪು —