ಒಂದೆಲೆಯೂ ಇಲ್ಲದ ಬೀದಿ

ಹನ್ನೊಂದನೇ ವಾರ್ಡಿನ ಮೇಸ್ತ್ರಿಗೆ ಮರಗಳನ್ನು ಕಂಡರಾಗುತ್ತಿರಲಿಲ್ಲ. ವರ್ಷದ ಒಂಬತ್ತು ತಿಂಗಳು ಅವು ನೆರಳು ಕೊಟ್ಟುಕೊಂಡು ಸಜ್ಜನರ ಹಾಗೆ ನಿಂತಿರುತ್ತಿದ್ದವು. ಬಿಸಿಲು ಮೆತ್ತಗಾಗಿ ಬೆಳಗಿನ ಗಾಳಿಗೆ ಒಂದಿಷ್ಟು ಚುರುಕು ಬಂತೋ, ಅವುಗಳ ಬುದ್ಧಿ ಕೆಡುತ್ತಿತ್ತು. ಗುಡಿಸುವವರು ಬೀದಿಯ ಈ ತುದಿಯಿಂದ ಆ ತುದಿ ಮುಟ್ಟಿ ಹಿಂತಿರುಗಿ ನೋಡಿದರೆ, ಹಿಂದೆ ಮತ್ತೊಂದು ಹಾಸು ಬಿದ್ದಿರುತ್ತಿತ್ತು. ವಾರ್ಡಿನ ನಾಲ್ಕು ಬೀದಿಗಳಲ್ಲಿ ನೂರ ಹನ್ನೆರಡು ಮರಗಳು, ಗುಡಿಸಲು ಹನ್ನೆರಡು ಜನ, ಅವರ ಮೇಲೆ ಮೇಸ್ತ್ರಿ ಒಬ್ಬ. ಇದು ನ್ಯಾಯವಾದ ಜಗಳವೇ ಅಲ್ಲ ಎಂದು ಅವನು ಎಷ್ಟೋ ಸಲ ಹೇಳಿದ್ದ.

ಹೊರಗಿನದು ಸಾಲದೆಂಬಂತೆ ಮನೆಯಲ್ಲೂ ಅದೇ ಗೋಳು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗ್ಗೆ ಆರಕ್ಕೆಲ್ಲ ಮನೆ ಬಿಡುತ್ತಿದ್ದಳು. ಅಲ್ಲಿಂದ ಮುಂದೆ ಎರಡು ಮಕ್ಕಳು, ನಾಲ್ಕು ಕಾಲು, ಮೂರೇ ಮೂರು ಕಾಲುಚೀಲ ಮೇಸ್ತ್ರಿಯ ಪಾಲಿಗೆ. ಆರು ವರ್ಷದ ಮಗಳು ಹುಟ್ಟಿದಾಗಿನಿಂದ ಯಾವ ಮಾತನ್ನೂ ಪಾಟೀಸವಾಲಿಲ್ಲದೆ ಒಪ್ಪಿದವಳಲ್ಲವಾದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಮೂರು ವರ್ಷದ ಮಗ ಬುಗುರಿ. ಅವನಿಗೆ ಆ ಹೆಸರು ಏಕೆ ಬಂತೆಂದು ಒಂದು ನಿಮಿಷ ಅವನ ಜೊತೆ ಕಳೆದ ಯಾರೂ ಕೇಳುತ್ತಿರಲಿಲ್ಲ.

ಇಬ್ಬರಿಗೂ ಒಣಗಿದೆಲೆ ಎಂದರೆ ಪ್ರಾಣ. ಹಾಸಿಗೆಯಡಿ ಎಲೆ, ಬಟ್ಟೆ ಒಗೆಯುವ ಯಂತ್ರದಲ್ಲಿ ಎಲೆ. ಒಮ್ಮೆ ಮೇಸ್ತ್ರಿಯ ಟೀ ಲೋಟದಲ್ಲೂ ಎಲೆ ತೇಲಿತ್ತು. ಸಂಜೆ ಮಕ್ಕಳು ಹೊರಗಿನಿಂದ ಬಂದಾಗ ಅವನು ಗಡಿ ಠಾಣೆಯ ಪೊಲೀಸನಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

"ಎಲೆ ಇದೆಯಾ?"

"ಇಲ್ಲ," ಎನ್ನುತ್ತಿದ್ದಳು ಲಾಯರಮ್ಮ.

"ಜೇಬು ತೋರಿಸು. ಮತ್ತೆ ಇದೇನು?"

"ಇದು ಎಲೆ ಅಲ್ಲ, ದೋಣಿ."

"ಈ ಇನ್ನೊಂದು?"

"ದೋಣಿಯಲ್ಲಿ ಕೂತಿರೋರು."

ಬುಗುರಿಯದು ಸರಳ ವ್ಯವಹಾರ. ಸಿಕ್ಕಿಬಿದ್ದರೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದ.

ಹೆಂಡತಿ ಆಸ್ಪತ್ರೆಗೆ ಬರುವ ಯಾವುದೋ ಪತ್ರಿಕೆಯಿಂದ ಒಂದು ಹಾಳೆ ಹರಿದು ತಂದು ಫ್ರಿಜ್ಜಿಗೆ ಅಂಟಿಸಿದ್ದಳು. 'ಶರತ್ಕಾಲ: ಪುಟ್ಟ ಮಕ್ಕಳೊಂದಿಗೆ ದಿನನಿತ್ಯದ ಹತ್ತು ಸಂತೋಷಗಳು.' ಮೇಸ್ತ್ರಿ ಚೆಲ್ಲಿದ ಹಾಲು ಒರೆಸುತ್ತ ಮೊದಲನೆಯದನ್ನು ಓದಿದ: 'ಉದುರಿದ ಎಲೆಗಳ ಮೇಲೆ ಮಗುವಿನ ಕೈಹಿಡಿದು ನಿಧಾನವಾಗಿ ನಡೆಯಿರಿ. ಆ ಸದ್ದಿಗೆ ಕಿವಿಗೊಡಿ.'

"ಇದನ್ನ ಬರೆದ ಹೆಂಗಸಿಗೆ ಮಕ್ಕಳಿಲ್ಲ ಅಂತ ಕಾಣುತ್ತೆ," ಎಂದ.

"ನಾಲ್ಕು ಮಕ್ಕಳಂತೆ ರೀ. ಕೆಳಗೆ ಬರೆದಿದ್ದಾರೆ ನೋಡಿ."

"ಹಾಗಾದ್ರೆ ಗಂಡ ನೋಡ್ಕೋತಿರಬೇಕು."

ಆ ವರ್ಷ ನಗರಸಭೆಯವರು ಅತಿ ಚೊಕ್ಕ ವಾರ್ಡಿಗೆ ಒಂದು ಹಿತ್ತಾಳೆಯ ಫಲಕ ಕೊಡುವುದಾಗಿ ಸಾರಿದರು. ಶುಕ್ರವಾರ ತಪಾಸಣೆ. ಮೇಸ್ತ್ರಿಗೆ ಊಟ ನಿದ್ದೆ ಬೇಡವಾಯಿತು. ಎಲೆ ಊದುವ ಯಂತ್ರವೊಂದನ್ನು ಕಾಡಿ ಬೇಡಿ ತರಿಸಿ ಹೆಗಲಿಗೇರಿಸಿಕೊಂಡು, ಸೋಮವಾರದಿಂದಲೇ ತನ್ನ ಹನ್ನೆರಡು ಜನರನ್ನು ಬೀದಿಗಿಳಿಸಿದ. ಆದರೂ ಹಿಂದೆ ಹಿಂದೆಯೇ ಎಲೆ ಬೀಳುತ್ತಿತ್ತು. ಮೂವತ್ತು ವರ್ಷದಿಂದ ಅದೇ ಬೀದಿ ಗುಡಿಸುತ್ತಿದ್ದ ದೊಡ್ಡಕ್ಕ ಗುರುವಾರ ಸೊಂಟಕ್ಕೆ ಕೈಕೊಟ್ಟು ನಿಂತು, "ಮೇಸ್ತ್ರಿ, ಮರದ ಮೇಲಿರೋದನ್ನೂ ಕೆಡವಿಬಿಡೋಣವಾ? ಒಂದೇ ಸಲಕ್ಕೆ ಪೀಡೆ ಕಳೆಯುತ್ತೆ," ಎಂದಳು.

ದೊಡ್ಡಕ್ಕ ಹೇಳಿದ್ದು ತಮಾಷೆಗೆ. ಮೇಸ್ತ್ರಿ ಮರ ನೋಡಿದ, ಅವಳ ಮುಖ ನೋಡಿದ. "ಇದು ನನಗೆ ಹೊಳೆಯಲೇ ಇಲ್ವಲ್ಲ!" ಎಂದು ಉಗ್ರಾಣದಿಂದ ಉದ್ದನೆಯ ದೋಟಿಗಳನ್ನು ತರಿಸಿದ. ಸಂಜೆಯೊಳಗೆ ನೂರ ಹನ್ನೆರಡು ಮರಗಳೂ ಆಗಷ್ಟೇ ತಲೆ ಬೋಳಿಸಿಕೊಂಡವರಂತೆ ಸಪ್ಪೆ ಮೋರೆ ಹಾಕಿ ನಿಂತವು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು ಎನ್ನುತ್ತಾರೆ. ಹನ್ನೊಂದನೇ ವಾರ್ಡಿನಲ್ಲಿ ನಗುವುದಕ್ಕೂ ಒಂದೆಲೆ ಉಳಿಯಲಿಲ್ಲ. ಶುಕ್ರವಾರ ಬಂದ ಸಾಹೇಬರು ನಾಲ್ಕೂ ಬೀದಿ ಸುತ್ತಿ, ಒಂದು ಕಡೆ ಬಗ್ಗಿ ಚರಂಡಿಯೊಳಗೂ ಇಣುಕಿ, "ಇದು ಬೀದಿನೋ ಊಟದ ಮೇಜೋ!" ಎಂದು ಬೆನ್ನು ತಟ್ಟಿದರು.

ಸಂಜೆ ಮೇಸ್ತ್ರಿ ಫಲಕವನ್ನು ಟೀವಿಯ ಪಕ್ಕ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಾಗ ಲಾಯರಮ್ಮ ಬಂದು ಅಂಗಿಯ ತುದಿ ಜಗ್ಗಿದಳು.

"ಅಪ್ಪಾ, ನಾಳೆ ಸ್ಕೂಲಿಗೆ ಒಣಗಿದ ಎಲೆ ಬೇಕು."

ಅವನಿಗೆ ಆ ಹೊತ್ತಿಗೆ ಲೋಕದ ಮೇಲೆಯೇ ಪ್ರೀತಿ ಬಂದಿತ್ತು. "ಆಯ್ತು ಪುಟ್ಟಾ. ಎಷ್ಟು? ಒಂದಾ, ಎರಡಾ?"

"ಒಂದು ಗುಡ್ಡ. ನಾವೆಲ್ಲ ಅದರ ಮೇಲೆ ಹಾರಬೇಕು."

"ಯಾರು ಹೇಳಿದ್ದು?"

"ಮಿಸ್. ಎಲ್ರೂ ಒಂದೊಂದು ಚೀಲ ತನ್ನಿ ಅಂದ್ರು. ನಾನು ಎದ್ದು ನಿಂತು, ಯಾರೂ ತರೋದು ಬೇಡ ಮಿಸ್, ಊರಿನ ಎಲೆಯೆಲ್ಲ ನಮ್ಮಪ್ಪಂದೇ ಅಂದೆ. ಮಿಸ್ ನಂಗೆ ಚಪ್ಪಾಳೆ ಹೊಡೆಸಿದ್ರು."

ಮೇಸ್ತ್ರಿ ಮೆಲ್ಲಗೆ ಕುರ್ಚಿಯಲ್ಲಿ ಕೂತ. "ಇದನ್ನ ಹೇಳಿದ್ದು ಯಾವಾಗ?"

"ಸೋಮವಾರ."

"ಸೋಮವಾರ ಹೇಳಿದ್ದನ್ನ ಇವತ್ತಾ ಹೇಳೋದು?"

"ಸೋಮವಾರ ನೀನು ಜೇಬಲ್ಲಿ ಏನಿದೆ ಅಂತ ಮಾತ್ರ ಕೇಳಿದ್ದು," ಎಂದಳು ಲಾಯರಮ್ಮ. ದಾವೆ ಅಲ್ಲಿಗೆ ಮುಗಿಯಿತು.

ಊರಾಚೆಯ ಗೊಬ್ಬರದ ಗುಂಡಿಯ ಕಾವಲುಗಾರನಿಗೆ ಫೋನು ಮಾಡಿದ. ಆತ ಉತ್ಸಾಹದಿಂದ, "ನಿಮ್ಮ ವಾರ್ಡಿನ ಮಾಲೆಲ್ಲ ಗುಂಡಿಗಿಳಿಸಿ ಸಗಣಿ ನೀರು ಹೊಡೆದಾಯ್ತು ಸಾರ್. ಗಾಳಿಗೆ ಒಂದೇ ಒಂದು ಎಲೆ ಹಾರಕೂಡದು ಅಂತ ನೀವೇ ಹೇಳಿದ್ರಲ್ಲ," ಎಂದ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. "ನಗಬೇಡ ಕಣೇ," ಎಂದ. "ನಗ್ತಾ ಇಲ್ಲ ರೀ, ಕೆಮ್ಮು," ಎಂದಳು.

ಮರುದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮೇಸ್ತ್ರಿ ಇಬ್ಬರನ್ನೂ ಎಬ್ಬಿಸಿ, ಬ್ರೆಡ್ಡು ಹಾಲು ತುರುಕಿ, ಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದ. ಮೊದಲ ಬೀದಿ ಬರಿದು. ಎರಡನೆಯದು ಇನ್ನೂ ಬರಿದು. ಚರಂಡಿ ಬಗ್ಗಿ ನೋಡಿದ, ನಿಂತ ಕಾರುಗಳ ಕೆಳಗೆ ಮೊಣಕಾಲೂರಿ ನೋಡಿದ. ಐದು ದಿನ ತಾನು ಎಷ್ಟು ಶ್ರದ್ಧೆಯಿಂದ ದುಡಿದಿದ್ದೇನೆ ಎಂಬುದು ಅವನಿಗೆ ಆವತ್ತು ಪೂರ್ತಿಯಾಗಿ ಅರಿವಾಯಿತು. ಮೂರನೇ ಬೀದಿಯಲ್ಲಿ ಒಂದು ಮರದ ತುದಿಯಲ್ಲಿ ಏಳೆಂಟು ಎಲೆ ದೋಟಿಗೆ ತಪ್ಪಿಸಿಕೊಂಡು ಉಳಿದಿದ್ದವು. ಅತ್ತಿತ್ತ ನೋಡಿ ಮರವನ್ನು ತಬ್ಬಿ ಅಲ್ಲಾಡಿಸತೊಡಗಿದ. ಬುಗುರಿಯೂ ಪಕ್ಕದಲ್ಲಿದ್ದ ದೀಪದ ಕಂಬವನ್ನು ತಬ್ಬಿ ಅಲ್ಲಾಡಿಸಿದ.

"ಏನ್ರೀ ಅದು!" ಎಂದು ಮೇಲಿನಿಂದ ಗದರಿದ ದನಿ. ಮಹಡಿಯಲ್ಲಿ ನಿವೃತ್ತ ಹೆಡ್‌ಮಾಸ್ತರರು. ವಾರಕ್ಕೆ ಮೂರು ಸಲ ಎಲೆಯ ಮೇಲೆ ದೂರು ಬರೆಯುವುದೇ ಅವರಿಗೆ ವ್ಯಾಯಾಮ. "ಎಲೆ ತೆಗೀರಿ ಅಂದ್ರೆ ಎಲೆ ಉದುರಿಸ್ತಿದ್ದೀರಲ್ಲ?"

"ಇದು... ಮುಂಜಾಗ್ರತೆ ಸಾರ್," ಎಂದ ಮೇಸ್ತ್ರಿ.

ಬಿದ್ದದ್ದು ಮೂರೆಲೆ. ಅದರಲ್ಲಿ ಒಂದನ್ನು ಬುಗುರಿ ತಿಂದ.

ಪೊರಕೆ ಹಿಡಿದು ಕೆಲಸಕ್ಕೆ ಬಂದ ದೊಡ್ಡಕ್ಕ ಚೀಲದೊಳಗಿನ ಎರಡು ಎಲೆಗಳನ್ನು ನೋಡಿ ಸಂಗತಿ ಕೇಳಿ ತಿಳಿದುಕೊಂಡಳು. "ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ," ಎಂದು ಲೊಚಗುಟ್ಟಿ, "ಹನ್ನೆರಡನೇ ವಾರ್ಡಿಗೆ ಹೋಗಿ ಮೇಸ್ತ್ರಿ. ಅಲ್ಲಿ ಮೊಣಕಾಲುದ್ದ ಬಿದ್ದಿದೆ," ಎಂದಳು.

ಅದು ಮೇಸ್ತ್ರಿಗೂ ಗೊತ್ತಿತ್ತು. ಹನ್ನೆರಡನೇ ವಾರ್ಡಿನ ಮೇಸ್ತ್ರಿಯನ್ನು ಇಡೀ ನಗರಸಭೆ ನಿಧಾನಪ್ಪ ಎಂದೇ ಕರೆಯುತ್ತಿತ್ತು. 'ಎಲೆ ಪೂರ್ತಿ ಉದುರಿ ಮುಗೀಲಿ, ಒಂದೇ ಸಲ ತೆಗೆದರಾಯ್ತು' ಎಂಬುದು ಆತನ ಸಿದ್ಧಾಂತ. ನಿನ್ನೆ ಫಲಕ ಕೈಯಲ್ಲಿ ಹಿಡಿದು ಅದೇ ನಿಧಾನಪ್ಪನಿಗೆ, "ನನ್ನ ಬೀದಿಗೆ ಬಂದು ಕಲ್ಕೊಂಡು ಹೋಗು," ಎಂದು ನಾಲ್ಕು ಜನರ ಮುಂದೆ ಹೇಳಿ ಇನ್ನೂ ಒಂದು ದಿನ ಕಳೆದಿರಲಿಲ್ಲ. ಆದರೆ ಮಗಳು ಅವನ ಕೈಹಿಡಿದು ಮುಖ ನೋಡುತ್ತಿದ್ದಳು. ಊರಿನ ಎಲೆಯೆಲ್ಲ ತನ್ನಪ್ಪನದೇ ಎಂದು ನಂಬಿದ ಕಣ್ಣುಗಳು. ಕಸದ ಗಾಡಿಯ ಕೀಲಿ ತೆಗೆದುಕೊಂಡು, ಇಬ್ಬರನ್ನೂ ಮುಂದಿನ ಸೀಟಿಗೇರಿಸಿ ಹೊರಟ.

ನಿಧಾನಪ್ಪ ಮೂಲೆ ಅಂಗಡಿಯ ಬೆಂಚಿನ ಮೇಲೆ ಟೀ ಕುಡಿಯುತ್ತ ಕೂತಿದ್ದ. ಎಲ್ಲ ಕೇಳಿದ. ಗೇಲಿ ಮಾಡಿಯಾನೆಂದು ಮೇಸ್ತ್ರಿ ಹಲ್ಲು ಕಚ್ಚಿಕೊಂಡು ನಿಂತಿದ್ದ; ಆತ ಲೋಟ ಕೆಳಗಿಟ್ಟು ಕೈ ಬೀಸಿ ಬೀದಿ ತೋರಿಸಿದ.

"ಅದಕ್ಕೇನಯ್ಯಾ, ಧಾರಾಳವಾಗಿ ತಗೋ. ಮಕ್ಕಳ ಕೆಲಸ. ಆ ಕೊನೆ ಮನೆಯಿಂದ ಶುರು ಮಾಡು, ಒಳ್ಳೊಳ್ಳೆ ಎಲೆ ಇದೆ. ಹಾಂ, ಚರಂಡಿ ಪಕ್ಕದ್ದು ಬಿಡಬೇಡ."

ಹೀಗೆ, ಊರಿನ ಅತಿ ಚೊಕ್ಕ ವಾರ್ಡಿನ ಮೇಸ್ತ್ರಿ ಶನಿವಾರ ಬೆಳಗ್ಗೆ ಒಂದೂವರೆ ಗಂಟೆ ನಿಧಾನಪ್ಪನ ಬೀದಿ ಗುಡಿಸಿದ. ಯಂತ್ರ ತಂದಿರಲಿಲ್ಲ, ಇದ್ದದ್ದು ಒಂದು ಮೋಟು ಪೊರಕೆ. ಲಾಯರಮ್ಮ ಕೆಂಪೆಲೆ ಬೇರೆ, ಹಳದಿ ಬೇರೆ ಎಂದು ವಿಂಗಡಿಸುತ್ತ ಕೂತಳು. ಬುಗುರಿ ಅಪ್ಪ ತುಂಬಿದ ಚೀಲಗಳನ್ನು ಹಿಂದಿನಿಂದ ಒಂದೊಂದಾಗಿ ಖಾಲಿ ಮಾಡುತ್ತ ಬಂದ. ಐದನೇ ಚೀಲವೆಂದು ಎಣಿಸಿ ತಿರುಗಿದಾಗ ನಿಂತಿದ್ದದ್ದು ಒಂದೇ ಚೀಲ, ಅದರೊಳಗಿದ್ದದ್ದು ಬುಗುರಿ. ಬೈಯಲು ಬಾಯಿ ತೆರೆದ. ಎಲೆಗಳ ನಡುವಿನಿಂದ ಮಗನ ಮೋರೆ ಮಾತ್ರ ಮೇಲೆ ಬಂದು, "ಅಪ್ಪಾ, ನಾನು ಕಸ," ಎಂದಿತು. ಮೇಸ್ತ್ರಿ ಪೊರಕೆ ಎತ್ತಿಕೊಂಡು ಮತ್ತೆ ಮೊದಲನೇ ಚೀಲದಿಂದ ಶುರು ಮಾಡಿದ.

ಶಾಲೆಯ ಮೈದಾನದಲ್ಲಿ ಮಿಸ್ಸು, ಅವರ ಸುತ್ತ ಮೂವತ್ತೆರಡು ಮಕ್ಕಳು ಕಾಯುತ್ತಿದ್ದರು. ಗಾಡಿ ಒಳಗೆ ಬಂದಾಗ ಎದ್ದ ಕೂಗಿಗೆ ಮೇಸ್ತ್ರಿ ಬೆದರಿದ. ಸಾಹೇಬರು ಬೆನ್ನು ತಟ್ಟಿದಾಗ ಕೂಡ ಯಾರೂ ಹೀಗೆ ಕೂಗಿರಲಿಲ್ಲ. ಹದಿಮೂರು ಚೀಲ ಸುರಿದು, ಎದೆಯೆತ್ತರದ ಗುಡ್ಡ ಮಾಡಿ, ಮೇಲೆ ಕೆಂಪೆಲೆ ಬರಬೇಕೆಂಬ ಲಾಯರಮ್ಮನ ಅಪ್ಪಣೆಯಂತೆ ಕೊನೆಯ ಚೀಲವನ್ನೂ ಬುಗುರಿಯನ್ನೂ ಎತ್ತಿಕೊಂಡು ಗಾಡಿಯ ಹಲಗೆಯ ಮೇಲೆ ನಿಂತ. ಮಿಸ್ಸು ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದರು: ಯಾರೂ ನೂಕಬಾರದು, ಒಬ್ಬೊಬ್ಬರಾಗಿ ಬರಬೇಕು, ಎತ್ತರದಿಂದ ಹಾರಬಾರದು.

ಅಷ್ಟರಲ್ಲಿ ಮೇಸ್ತ್ರಿಯ ಬೂಟಿನಡಿ ಒಂದು ಎಲೆ ಜಾರಿತು.

ಮಗನನ್ನು ಎದೆಗವಚಿಕೊಂಡು, ಚೀಲದ ಸಮೇತ, ಅವನು ಗುಡ್ಡದ ನಟ್ಟನಡುವೆ ಅಂಗಾತ ಬಿದ್ದ. ಬುಗುರಿ, "ಇನ್ನೊಂದ್ಸಲ!" ಎಂದು ಕಿರುಚಿದ. ಮೂವತ್ತೆರಡು ಮಕ್ಕಳಿಗೆ ಅಷ್ಟು ಸಾಕಾಯಿತು. ನೂಕಬಾರದು ಎಂದಿದ್ದನ್ನು ಮರೆತು, ಒಬ್ಬೊಬ್ಬರಾಗಿ ಎಂದಿದ್ದನ್ನು ಮರೆತು, ಎಲ್ಲ ಒಟ್ಟಿಗೆ ಬಂದು ಅವನ ಮೇಲೆ ಬಿದ್ದರು. ಯಾರದೋ ಮೊಣಕೈ ಅವನ ಹೊಟ್ಟೆಗೆ, ಯಾರದೋ ಚಪ್ಪಲಿ ಕಿವಿಗೆ. ಕಣ್ಣಿಗೆ ಎಲೆ, ಮೂಗಿಗೆ ಎಲೆ. ಅದರ ನಡುವೆ ಯಾವನೋ ದೊಡ್ಡ ದನಿಯಲ್ಲಿ ಎಗ್ಗಿಲ್ಲದೆ ನಗುತ್ತಿದ್ದ; ಅದು ತಾನೇ ಎಂದು ಮೇಸ್ತ್ರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮಾಡಿದ್ದುಣ್ಣೋ ಮಹರಾಯ ಎಂಬಂತೆ ಹನ್ನೆರಡು ಗಂಟೆಗೆ ಗಾಳಿಯೆದ್ದಿತು. ಶಾಲೆಯಿದ್ದದ್ದು ಹನ್ನೊಂದನೇ ವಾರ್ಡಿನ ನಡುಮಧ್ಯದಲ್ಲಿ. ಹದಿನಾಲ್ಕು ಚೀಲ ಎಲೆ ಕಾಂಪೌಂಡು ಹಾರಿ ನಾಲ್ಕೂ ಬೀದಿಗೆ ಸಮನಾಗಿ ಹಂಚಿಹೋಯಿತು. ಒಂದೂವರೆಗೆ ಮಹಡಿಯ ನಿವೃತ್ತ ಹೆಡ್‌ಮಾಸ್ತರರ ಫೋನು ಬಂತು: ಮರದಲ್ಲಿ ಒಂದೆಲೆಯಿಲ್ಲ, ಬೀದಿ ತುಂಬ ಎಲೆ, ಇದಕ್ಕೆ ನಗರಸಭೆಯ ವಿವರಣೆ ಏನು? ಅದೇ ಮಧ್ಯಾಹ್ನ ಸಾಹೇಬರ ಕಾರು ಹನ್ನೆರಡನೇ ವಾರ್ಡಿನ ಕಡೆಯಿಂದ ಹಾದುಹೋಯಿತಂತೆ. ನಿಧಾನಪ್ಪ ಇಷ್ಟು ಬೇಗ ಸುಧಾರಿಸಿದನಲ್ಲ ಎಂದು ಬಾಯ್ತುಂಬ ಹೊಗಳಿದರಂತೆ. ಇದನ್ನು ಬಂದು ಹೇಳಿದವಳು ದೊಡ್ಡಕ್ಕ. ಹೇಳುವಾಗ ಅವಳಿಗೂ ಸ್ವಲ್ಪ ಕೆಮ್ಮು ಬಂತು.

ಮೇಸ್ತ್ರಿ ಸಂಜೆಯವರೆಗೂ ಅವಳ ಜೊತೆಗೆ ಗುಡಿಸಿದ. ಮನೆಗೆ ಬಂದಾಗ ಹೆಂಡತಿ ಬುಗುರಿಯ ತಲೆ ತೊಳೆಯುತ್ತಿದ್ದಳು. ನೀರಿನ ಜೊತೆ ಚೂರು ಚೂರು ಎಲೆ ಹರಿದುಹೋಗುತ್ತಿತ್ತು. ಲಾಯರಮ್ಮ ಬಚ್ಚಲುಮನೆಯ ಹೊಸ್ತಿಲ ಮೇಲೆ ನಿಂತು ಕೈಯಾಡಿಸಿ ವರದಿ ಒಪ್ಪಿಸುತ್ತಿದ್ದಳು.

"ಮಿಸ್ ಮೇಲಿಂದ ಹಾರಬಾರದು ಅಂದ್ರು. ಆದ್ರೂ ಅಪ್ಪ ಗಾಡಿ ಮೇಲಿಂದ ಹಾರೇಬಿಟ್ಟ! ಎಲ್ರಿಗಿಂತ ಮೊದ್ಲು! ಬೇರೆ ಯಾರ ಅಪ್ಪನೂ ಹಾಗೆ ಹಾರಲ್ಲಮ್ಮ."

ಹೆಂಡತಿ ಸೋಪಿನ ಕೈ ನಿಲ್ಲಿಸಿ ಗಂಡನ ಕಡೆ ತಿರುಗಿದಳು. ಹತ್ತು ವರ್ಷದಲ್ಲಿ ಅವನು ಕುರ್ಚಿಯ ಮೇಲೆ ಹತ್ತಿದ್ದನ್ನೂ ನೋಡಿದವಳಲ್ಲ ಅವಳು.

"ಹೌದೇನ್ರೀ? ಹಾರಿದ್ರಾ?"

ಮೇಸ್ತ್ರಿಯ ಸೊಂಟ ಚಳುಕು ಹಿಡಿದು ಎಳೆಯುತ್ತಿತ್ತು. ಮಗಳು ಕಣ್ಣು ಮಿಟುಕಿಸದೆ ಅವನ ಸಾಕ್ಷಿಗಾಗಿ ಕಾಯುತ್ತಿದ್ದಳು. ಅವನು ಗೋಡೆಗೆ ಕೈಯೂರಿಕೊಂಡು ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದ.

"ಏನೋ, ಮಕ್ಕಳಿಗೆ ಖುಷಿಯಾಗ್ಲಿ ಅಂತ," ಎಂದ.