ಅಧ್ಯಕ್ಷೆಯ ಮನೆ ಮುಂದಿನ ತಮಟೆ

ತೊಂಬತ್ತೈದನೇ ಇಸವಿಯ ಬೇಸಿಗೆ. ಬೆಂಗಳೂರಿನ ಹೊರಗೆ, ಮಾಕಳಿ ಪಕ್ಕದ ಒಂದು ಹಳ್ಳಿಯ ಪಂಚಾಯ್ತಿ ಬಿಲ್ಲು ಕಟ್ಟಿಲ್ಲವೆಂದು ಕರೆಂಟಿನವರು ನೀರಿನ ಪಂಪಿನ ಫ್ಯೂಸು ಕಿತ್ತುಕೊಂಡು ಹೋಗಿದ್ದರು. ಅಧ್ಯಕ್ಷೆ ನಾಗಲಕ್ಷ್ಮಮ್ಮ ಎಲ್ಲಿ ಹೋದರೂ ಖಾಲಿ ಬಿಂದಿಗೆಗಳೇ ಎದುರಾಗುತ್ತಿದ್ದವು. ಹೆಂಗಸರಿಗೆ ಮೀಸಲಾದ ಕುರ್ಚಿಯಲ್ಲಿ ಅವಳು ಕೂತು ವರ್ಷ ಕಳೆದಿತ್ತು. ಮಾತಾಡುವ ಕೆಲಸವನ್ನು ಮಾತ್ರ ಗಂಡ ನರಸಪ್ಪ ತಾನೇ ವಹಿಸಿಕೊಂಡಿದ್ದ, ಪಾಪ.

ಈ ಸಲ ಬಿಲ್ಲಿನ ದುಡ್ಡು ಕೇಳಲು ತಾಲ್ಲೂಕು ಕಚೇರಿಗೆ ಅವಳೇ ಹೋದಳು.

"ಅನುದಾನ ಬೆಂಗಳೂರಿಂದ ಬಂದಿಲ್ಲಮ್ಮ," ಎಂದರು ಸಾಹೇಬರು. "ಬೆಂಗಳೂರಿಗೆ ದಿಲ್ಲಿಯಿಂದ ಬರಬೇಕು."

"ದಿಲ್ಲಿಗೆ ಎಲ್ಲಿಂದ ಬತ್ತದೆ ಸಾರ್?"

"ಜನ ಕಟ್ಟೋ ತೆರಿಗೆಯಿಂದ."

"ಅಂಗಾದ್ರೆ ನಮ್ಮ ತಾವಿಂದಾನೇ ಓಗಿರೋದು!"

ಸಾಹೇಬರಿಗೆ ರೇಗಿತು. "ಮೇಲಿನವರನ್ನ ಕೇಳೋಕೆ ಮುಂಚೆ ನಿಮ್ಮ ಕೈಲಿರೋ ಕಂದಾಯ ವಸೂಲಿ ಮಾಡಿದ್ದೀರಾ? ಊರ ತುಂಬ ಲೇತ್ ಶೆಡ್ಡುಗಳಿವೆಯಲ್ಲ?"

ನಾಗಲಕ್ಷ್ಮಮ್ಮ ಎದ್ದು ಊರಿನ ಬಸ್ಸು ಹಿಡಿದಳು. ಪೀಣ್ಯದ ಕಾರ್ಖಾನೆಗಳ ನಡುವೆ ಜಾಗ ಸಿಗದ, ಕಬ್ಬಿಣ ಕಡೆಯುವ ಲೇತ್ ಮಿಷನ್ನಿನವರಿಗೆ ಊರಿನ ಜಮೀನಿದ್ದವರೆಲ್ಲ ಶೆಡ್ಡು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕಂದಾಯ ಕೇಳಿದರೆ, "ಅಧ್ಯಕ್ಷರ ಗಂಡ ಕಟ್ಟಿದ ದಿನ ನಾವೂ ಕಟ್ತೀವಿ," ಎನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಶೆಡ್ಡುಗಳು ನರಸಪ್ಪನವೇ.

ಊಟಕ್ಕೆ ಬಡಿಸುತ್ತಾ ಅವಳು ಗಂಡನನ್ನು ಕೇಳಿದಳು.

"ನಾನೇ ಪಂಚಾಯ್ತಿ ಆಗಿರೋವಾಗ ನನಗ್ಯಾತರ ಕಂದಾಯವೇ?" ಎಂದು ಅವನು ಮುದ್ದೆ ಮುರಿದ. 

ಕಂದಾಯ ಉಳಿಸಿಕೊಂಡವರ ಮನೆ ಮುಂದೆ ತಮಟೆ ಬಡಿಸುವುದು ಆ ಊರಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದೂ ಬಡವರ ಮನೆ ಮುಂದಷ್ಟೇ ಬಡಿಸುತ್ತಿದ್ದರು. ಮರುದಿನ ಬೆಳಿಗ್ಗೆ ಅವಳು ಊರಲ್ಲಿ ತಮಟೆ ಬಡಿದು ಸಾರುವ ಲಕ್ಷ್ಮಣಪ್ಪನನ್ನು ಕರೆಸಿದಳು.

"ಯಾರ ಮನೆ ಮುಂದೆ ಅಕ್ಕಾ?"

"ಇಲ್ಲೇ. ನಮ್ಮನೆ ಮುಂದೆ."

ಅವನು ಹೆದರಿಕೊಂಡು ಮೆಲ್ಲಗೆ ಬಡಿದ. "ಕೈಯಾಗೆ ಸಕ್ತಿ ಇಲ್ವೇನಣ್ಣ?" ಎಂದಳು. ಆಮೇಲಿನ ಸದ್ದಿಗೆ ಊರೇ ಸೇರಿತು. ನರಸಪ್ಪ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿಬಂದ.

"ಮಾನ ಕಳೆದ್ಯಲ್ಲೇ!"

"ನೀರು ಬಂದ್ರೆ ಮಾನಾನೂ ಬತ್ತದೆ. ಕಟ್ಟಿ."

ಬಿಂದಿಗೆ ಹಿಡಿದು ನಿಂತ ಹೆಂಗಸರ ಮುಖ ನೋಡಿ ಅವನು ಒಳಗೆ ಹೋದ, ದುಡ್ಡು ತಂದು ಕಟ್ಟಿದ. ರಸೀದಿ ಜೇಬಿಗೆ ಸೇರಿದ್ದೇ ತಡ, ಲಕ್ಷ್ಮಣಪ್ಪನ ಹೆಗಲು ಹಿಡಿದುಕೊಂಡ.

"ನಡಿಯೋ, ಇನ್ನು ಯಾರ್‍ಯಾರು ಕಟ್ಟಿಲ್ಲ ಅಂತ ನಾನು ತೋರಿಸ್ತೀನಿ. ನಮ್ಮನೆ ಮುಂದೆ ಬಡಿದದ್ದಕ್ಕಿಂತ ಜೋರಾಗಿ ಬಡೀಬೇಕು!"

ನಾಗಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಗಂಡನ ಈ ಬುದ್ಧಿಯನ್ನು ನಂಬಿಯೇ ಅವಳು ತಮಟೆ ತರಿಸಿದ್ದು.