ಮುನ್ನೂರ ಅರವತ್ತು ಬಾಯಿ

ಚಕ್ರಪಾಣಿ ಮೇಷ್ಟ್ರು ತೀರಿಹೋದ ಸುದ್ದಿಯನ್ನು ಯಾರೂ ಸಾರಬೇಕಾಗಲಿಲ್ಲ. ಆ ಮಂಗಳವಾರ ಬೆಳಗಿನ ಐದೂವರೆಗೆ ಅವರ ದನಿ ಬರಲಿಲ್ಲ, ಅಷ್ಟೇ. ಮೂರು ವರ್ಷಗಳಿಂದ ಒಂದು ದಿನವೂ ತಪ್ಪದೆ, ಚಂದ್ರಾ ಲೇಔಟಿನ ಮನೆಯ ಮಹಡಿಯ ಮೇಲೆ ನಿಂತು, ಔಷಧಿ ಹೊಡೆಯದೆ ಬೆಳೆಯುವ ರೈತರೂ ಅವರಿಂದ ಕೊಳ್ಳುವ ನಗರದವರೂ ಸೇರಿದ್ದ 'ಮಣ್ಣಿನ ಬಳಗ'ದ ವಾಟ್ಸಾಪ್ ಗುಂಪಿಗೆ ಅವರು ಮಾತನಾಡಿ ಕಳಿಸುತ್ತಿದ್ದರು. ಯಾವ ರೈತನ ಹೊಲದಲ್ಲಿ ಏನು ಬಂದಿದೆ, ಯಾವ ಬಡಾವಣೆಗೆ ಏನು ಬೇಕು, ಬೇವಿನ ಕಷಾಯ ಹೇಗೆ ಕಾಯಿಸಬೇಕು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಆರೂಕಾಲಿಗೆ ಮಾಗಡಿ ಕಡೆಯ ರೈತ ಚಿಕ್ಕಹನುಮಯ್ಯನ ಫೋನು ಬಂತು.

"ಅಮ್ಮಾವ್ರೆ, ಮೇಷ್ಟ್ರು ಇವತ್ತು ಮಾತಾಡ್ಲಿಲ್ವಲ್ಲ. ಹುಷಾರಾಗವ್ರಾ?"

ಅಲಮೇಲು ಗಂಡನ ತಲೆಯ ಬಳಿ ದೀಪ ಹಚ್ಚಿಟ್ಟು ಆಗತಾನೆ ಕೂತಿದ್ದರು. "ನಿದ್ದೇಲೇ ಹೋಗ್ಬಿಟ್ರು ಕಣಪ್ಪ," ಎಂದರು.

ಬಳಗದ ಗುಂಪಿನಲ್ಲಿ ಮಾತ್ರ ಒಂದು 'ಅಯ್ಯೋ' ಕೂಡ ಕಾಣಲಿಲ್ಲ. ಕಾಣುವಂತೆಯೂ ಇರಲಿಲ್ಲ. ಗುಲಾಬಿ ಹೂವಿನ ಶುಭೋದಯಗಳ ಕಾಟ ತಾಳಲಾರದೆ, ಅಡ್ಮಿನ್ ಒಬ್ಬನೇ ಬರೆಯುವಂತೆ ಮೇಷ್ಟ್ರು ಗುಂಪಿಗೆ ಬೀಗ ಹಾಕಿದ್ದರು. ಅಡ್ಮಿನ್ ಅವರೊಬ್ಬರೇ. ಸದಸ್ಯರು ಮುನ್ನೂರ ಅರವತ್ತು, ಬಾಯಿ ಒಂದು. ಯಾರ ಹತ್ತಿರ ಏನು ಬೆಳೆ ಇದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಅದು ಅವರ ಜೊತೆಗೇ ಹೋಯಿತು.

ಅಲಮೇಲು ಅವರಿಗೆ ಇದರಿಂದ ದೊಡ್ಡ ಪೇಚಾಯಿತು. ಮೇಷ್ಟ್ರು ಬದುಕಿದ್ದಾಗ ಆಗಾಗ ಹೇಳುತ್ತಿದ್ದರು: "ನನ್ನ ಹದಿಮೂರನೇ ದಿನದ ಎಲೆ ಮೇಲೆ ಔಷಧಿ ಹೊಡೆದ ಒಂದು ಹೋಳೂ ಬೀಳಕೂಡದು ಕಣೇ. ಬಿದ್ರೆ ನಾನು ಮೇಲಕ್ಕೆ ಹೋಗೋದೇ ಇಲ್ಲ, ಇಲ್ಲೇ ಇದ್ದು ನಿನ್ನ ತಲೆ ತಿಂತೀನಿ." ಅವರು ತಮಾಷೆಗೆ ಹೇಳಿದ್ದಿರಬಹುದು; ಆಕೆ ತಮಾಷೆಗೆ ಕೇಳಿಸಿಕೊಂಡಿರಲಿಲ್ಲ. ಐದನೆಯ ದಿನ, ಕರ್ಮ ಮಾಡಿಸುವ ವಾಧ್ಯಾರರು ಪಟ್ಟಿ ಕೊಟ್ಟರು: ಬಾಳೆಕಾಯಿ, ಸುವರ್ಣಗೆಡ್ಡೆ, ಹಾಗಲಕಾಯಿ, ಗೋರಿಕಾಯಿ, ಸಿಹಿಗುಂಬಳ. ಕೋಸು, ಕ್ಯಾರೆಟ್, ಆಲೂಗಡ್ಡೆ ಒಲೆಯ ಹತ್ತಿರವೂ ಸುಳಿಯಬಾರದು. ಎಂಬತ್ತು ಎಲೆ. ಇದನ್ನು ಯಾರ ಹೊಲದಿಂದ ತರಿಸುವುದು?

ಕರ್ಮಕ್ಕೆ ಕೂತ ಮಗನ ತಲೆಗೆ ಇದನ್ನು ಹಚ್ಚಬಾರದೆಂದು, ಆಕೆ ಗಂಡನ ಫೋನನ್ನು ತಾವೇ ಕೈಗೆತ್ತಿಕೊಂಡರು. ಒಬ್ಬರ ಹೆಸರು ಒತ್ತಿದರೆ 'ಅಡ್ಮಿನ್ ಮಾಡಿ' ಎಂದು ಬರುತ್ತಿತ್ತು. ಓಹೋ, ಬಾಯಿ ಕೊಡುವುದು ಹೀಗೆ ಎಂದುಕೊಂಡು, ಹೆಸರಿಗೊಂದು ಗೋವಿಂದ ನಾಮ ಹೇಳುತ್ತ ಒತ್ತಲು ಶುರು ಮಾಡಿದರು.

ಏಳನೆಯ ದಿನ ಗುರುದೇವಿ ಮಾತನಾಡಿಸಲು ಬಂದಳು. ಬಾಗಲಕೋಟೆಯವಳು, ಬಳಗದ ಜೋಳ ಕೊಂಡು ಲಗ್ಗೆರೆಯಲ್ಲಿ ರೊಟ್ಟಿ ಬಡಿದು ಮಾರುವವಳು.

"ಏನ್ರಿ ಅಕ್ಕಾರ, ಫೋನಿನ್ಯಾಗ ಜಪಾ ಮಾಡಾಕತ್ತೀರಿ?"

"ಎಲ್ರಿಗೂ ಬಾಯಿ ಕೊಡ್ತಾ ಇದೀನಿ ಕಣಮ್ಮ. ಇನ್ನೂರ ಹನ್ನೆರಡಾಯ್ತು."

ಗುರುದೇವಿ ಬಗ್ಗಿ ನೋಡಿ ಹಣೆಗೆ ಕೈಯಿಟ್ಟಳು. "ಸೆಟ್ಟಿಂಗ್ಸಿನ್ಯಾಗ ಒಂದ ಗುಂಡಿ ಒತ್ತಿದ್ರ ಎಲ್ಲಾರ ಬಾಯೀನೂ ಒಮ್ಮೆಲೇ ತೆರೀತಿತ್ತಲ್ರಿ. ನೀವು ಎಲ್ಲಾರ್ನೂ ಗೌಡ್ರನ್ನ ಮಾಡೀರಿ."

"ಆಗ್ಲಿ ಬಿಡು. ಹೇಳಿದ ಗೋವಿಂದ ನಾಮ ನಷ್ಟ ಆಗಲ್ಲ," ಎಂದು ಆಕೆ ಉಳಿದವರನ್ನೂ ಬಿಡದೆ ಮುಗಿಸಿದರು.

ಮರುದಿನ ಬೆಳಗಾಗುವುದರೊಳಗೆ ಗೌಡಿಕೆ ನಡೆದೇ ಹೋಯಿತು. ಗುಂಪಿನ ಚಿತ್ರವಾಗಿ ಮೊದಲು ಮೇಷ್ಟ್ರ ಮುಖ ಬಂತು, ಆಮೇಲೆ ಯಾರದೋ ಪಡವಲಕಾಯಿ, ಆಮೇಲೆ ಒಂದು ಎಮ್ಮೆ. ಬಸವೇಶ್ವರನಗರದ ಸುಧೀಂದ್ರ ನಿವೃತ್ತ ಅಧಿಕಾರಿ, ಶಿಸ್ತಿನವರು. ಗುಲಾಬಿ ಹಾಕಿದವರನ್ನೆಲ್ಲ ಗುಂಪಿನಿಂದ ತೆಗೆದರು. ಬೇರೆಯವರು ಅವರನ್ನೆಲ್ಲ ಮತ್ತೆ ಸೇರಿಸಿದರು. ಚಿಕ್ಕಹನುಮಯ್ಯ ಸುಧೀಂದ್ರರಿಗೆ ಫೋನು ಮಾಡಲು ಹೋಗಿ ಅವರನ್ನೇ ಹೊರಕ್ಕೆ ಹಾಕಿದ. "ತಪ್ಪಾಯ್ತು ಸ್ವಾಮಿ, ವಾಪಸ್ ಬನ್ನಿ," ಎಂದು ಅವನು ಕೂಗಿ ಕಳಿಸಿದ ದನಿ, ಹೊರಗಿದ್ದ ಸುಧೀಂದ್ರರೊಬ್ಬರನ್ನು ಬಿಟ್ಟು ಎಲ್ಲರಿಗೂ ತಲುಪಿತು.

ಅಲಮೇಲು ಸೆರಗು ಬಾಯಿಗೆ ಹಿಡಿದು ನಕ್ಕರು. ಸೂತಕದ ಮನೆ ಎಂದು ನೆನಪಾಗಿ ಸುಮ್ಮನಾದರು. ಮತ್ತೆ ನಗು ಬಂತು.

ಆಮೇಲೆ ಗಂಟಲು ಸರಿಮಾಡಿಕೊಂಡು, ಬೇಕಾದ ಐದು ತರಕಾರಿಗಳನ್ನು ಗುಂಪಿಗೆ ಹೇಳಿ ಕಳಿಸಿದರು. "ನಿಮ್ಮ ಹೊಲದ್ದೇ ಬೇಕು. ಮೇಷ್ಟ್ರ ಎಲೆಗೆ," ಎಂದರು. ಸಂಜೆಯೊಳಗೆ ನಲವತ್ತೊಂದು ಜನ ಸಿಹಿಗುಂಬಳ ತರುತ್ತೇವೆಂದರು. ಬಾಳೆಕಾಯಿಗೆ ಒಬ್ಬರೂ ಇಲ್ಲ.

ಅಷ್ಟರಲ್ಲಿ ಮತ್ತೆ ಗುಂಪಿನೊಳಗೆ ಬಂದಿದ್ದ ಸುಧೀಂದ್ರರು, ಎಲ್ಲರೂ ತಮ್ಮ ತಮ್ಮ ಫೋನಿನಿಂದಲೇ ಬರೆಯಬಹುದಾದ ಒಂದು ಪಟ್ಟಿಯನ್ನು ತೆರೆದರು. ಒಬ್ಬರು ಬರೆದದ್ದು ಎಲ್ಲರಿಗೂ ಆ ಕ್ಷಣವೇ ಕಾಣುತ್ತದೆ. ಬರೆಯಲು ಬಾರದವರು ಮಾತನಾಡಿ ಕಳಿಸಿದರು. ಗುರುದೇವಿ ಕೇಳಿ ಕೇಳಿ ತುಂಬಿದಳು. ಕುಂಬಳದ ಸಾಲು ಕಂಡು ಮೂವತ್ತೆಂಟು ಜನ ನಾಚಿ ಹಿಂದೆ ಸರಿದರು. ಗೋರಿಕಾಯಿ, ಹಾಗಲ, ಗೆಡ್ಡೆ ತುಂಬಿದವು. ಹತ್ತನೆಯ ದಿನ ಇಡೀ ಪಟ್ಟಿ ಮಾಯವಾಯಿತು.

"ನನ್ ಕುಂಬಳ ಅಳಿಸಕ್ಕೋದೆ ಅಮ್ಮಾವ್ರೆ," ಎಂದ ಚಿಕ್ಕಹನುಮಯ್ಯ. "ಊರ್ನೇ ಅಳಿಸ್ಬಿಟ್ಟೆ."

ಸುಧೀಂದ್ರರು ಹಳೆಯದನ್ನು ಮರಳಿ ತಂದರು. ಬಾಳೆಕಾಯಿಯ ಸಾಲು ಮಾತ್ರ ಹಾಗೇ ಖಾಲಿ. ಹನ್ನೆರಡನೆಯ ದಿನ ಮಧ್ಯಾಹ್ನ, ಎಂದೂ ಮಾತನಾಡದಿದ್ದ ಕೆಂಗೇರಿಯಾಚೆಯ ಪಾಪಮ್ಮನ ದನಿ ಬಂತು: "ನಮ್ ಬಚ್ಚಲ ನೀರಿಗೆ ಹಾಕಿರೋ ಬಾಳೆ ಐತೆ. ಎರಡು ಗೊನೆ ಬಲ್ತವೆ. ಗೊಬ್ಬರ ಬಿಟ್ರೆ ಏನೂ ಕಾಣವು."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದು ಅಲಮೇಲು ಕೇಳಿದರು.

"ಮೇಷ್ಟ್ರು ರಾಗಿ ಐತಾ ಅಂತ ಕೇಳೋರು, ಐತೆ ಅನ್ನೋಳು. ಬಾಳೆ ಐತಾ ಅಂತ ನನ್ನೇ ಕರ್ದು ಯಾರೂ ಕೇಳ್ನಿಲ್ಲ."

ಹದಿಮೂರನೆಯ ದಿನ ಬೆಳಗ್ಗೆ ಪಾಪಮ್ಮ ಗೋಣಿಚೀಲದಲ್ಲಿ ಗೊನೆಗಳನ್ನು ಕಟ್ಟಿಕೊಂಡು ಕೆಂಗೇರಿಯಲ್ಲಿ ಮೆಟ್ರೋ ಹತ್ತಿದಳು. ಒಲೆ ಉರಿಯುತ್ತಿತ್ತು, ವಾಧ್ಯಾರರು ಗಡಿಯಾರ ನೋಡುತ್ತಿದ್ದರು. ಮುನ್ನೂರ ಅರವತ್ತು ಗೌಡರೂ ಒಟ್ಟಿಗೆ ದಾರಿ ಕಾದರು. 'ಜ್ಞಾನಭಾರತಿ ಬಿಟ್ಟಿತು.' 'ನಾಯಂಡಹಳ್ಳಿಯಲ್ಲಿ ನಾನೇ ಕಂಡೆ, ಕೂತಿದ್ದಾರೆ.' 'ಗೊನೆಗೂ ಸೀಟು ಸಿಕ್ಕಿದೆ.' 'ದೀಪಾಂಜಲಿನಗರ.' ಅತ್ತಿಗುಪ್ಪೆಯಲ್ಲಿ ಇಳಿದವಳನ್ನು ಸುಧೀಂದ್ರರು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಶಿಸ್ತೆಲ್ಲ ಮರೆತು ಹಾರನ್ ಒತ್ತುತ್ತಲೇ ಬಂದರು.

ಗುರುದೇವಿ ಬಾಳೆಕಾಯಿ ಹೆಚ್ಚಿ ಕೊಟ್ಟಳು. ಪಲ್ಯ ಇಳಿಯಿತು, ಎಂಬತ್ತು ಎಲೆ ಬಿತ್ತು. ತಂದವರೂ ಕರೆದವರೂ ಒಂದೇ ಪಂಕ್ತಿಯಲ್ಲಿ ಕೂತರು. ಅಲಮೇಲು ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಒಂದು ಸಲ ನಡೆದು ನೋಡಿದರು. ಆಮೇಲೆ ದೇವರ ಮನೆಯ ಹೊಸಿಲಲ್ಲಿ ನಿಂತು ಕೈ ಮುಗಿದರು.

"ಸ್ವಾಮಿ ಶ್ರೀನಿವಾಸ, ಒಂದು ಹೋಳೂ ಹೊರಗಿನದಲ್ಲ. ನಾನೇ ನೋಡಿದೀನಿ. ಅವರಿಗೆ ಇಲ್ಲಿ ಇನ್ನೇನೂ ಕೆಲಸ ಉಳಿದಿಲ್ಲಪ್ಪ. ನಿನ್ನ ಪಾದದ ಹತ್ತಿರ ಜಾಗ ಕೊಡು. ಅವರ ಆತ್ಮ ತಣ್ಣಗಿರಲಿ."